ಅಂಗಳದ ನಡುವಿನ ಜಾಗ

ನಮ್ಮ ಮನೆ ಮಾರಾಟಕ್ಕಿದೆ ಎಂದು ಶಹಾಪುರದಲ್ಲಿ ಸುದ್ದಿಯಾದ ಮೇಲೆ ನೋಡಲು ಬಂದವರೆಲ್ಲ ಕೋಣೆ ನೋಡಿದರು, ಅಡುಗೆಮನೆಯ ಗೋಡೆ ತಟ್ಟಿದರು, ನಳ ತಿರುಗಿಸಿದರು. ಕೊನೆಗೆ ಅಂಗಳಕ್ಕೆ ಬಂದು ಎಲ್ಲರೂ ಕೇಳುತ್ತಿದ್ದುದು ಒಂದೇ ಮಾತು: ಸರಿಯಾಗಿ ನಡುವೆಯೇ ಆ ಕಲ್ಲು ಯಾಕೆ ಇಟ್ಟಿದ್ದೀರಿ? ಆ ಪ್ರಶ್ನೆ ಬರುವ ಹೊತ್ತಿಗೆ ನನ್ನ ಗಂಡ ಏನೋ ನೆನಪಾದವರಂತೆ ಒಳಗೆ ಹೋಗಿಬಿಡುತ್ತಿದ್ದರು. ನಾನು ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದೆ. ಉತ್ತರ ಕೊಡುವವರು ನನ್ನ ಅತ್ತೆ.

“ಅಲ್ಲಿ ನಮ್ಮ ಕೂಸು ಮಲಗ್ಯಾದ್ರಿ” ಎನ್ನುತ್ತಿದ್ದರು ಅವರು, ಅಲ್ಲಿ ನಮ್ಮ ನೀರಿನ ಟಾಕಿ ಇದೆ ಎನ್ನುವಷ್ಟೇ ಸಲೀಸಾಗಿ.

ಬಂದವರ ಮುಖ ಸಪ್ಪಗಾಗುತ್ತಿತ್ತು. ಒಬ್ಬರು ಕೈಯಲ್ಲಿದ್ದ ಚಹಾವನ್ನು ಅರ್ಧಕ್ಕೇ ಬಿಟ್ಟು, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೊರಟುಹೋದರು. ಅವರ ಮನೆಯವರು ಇವತ್ತಿಗೂ ಏನೂ ಹೇಳಿಲ್ಲ. ದಲಾಲಿಗೆ ತಲೆ ಕೆಟ್ಟುಹೋಯಿತು. “ಅವ್ವಾ, ನೀ ಸುಮ್ನ ಕುಂಡ್ರು. ಸತ್ಯಹರಿಶ್ಚಂದ್ರನ ಮನಿ ಅಂತ ಬೋರ್ಡ್ ಹಾಕೀವೇನು? ಕಲ್ಲು ತಗದು ಒಗದ್ರ ಮುಗೀತು” ಎಂದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಅವನೂ ಆ ದಿನ ಚಹಾ ಕುಡಿಯದೆ ಹೋದ.

ಅದು ನನ್ನ ಮೊದಲ ಮಗು. ಹೆಣ್ಣು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು, ಹಾಗಾಗಿ ಹೆಸರೂ ಇಲ್ಲ. ಆಗ ನಾನು ಸುರಪುರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಬೇರೆಯವರ ಕೂಸುಗಳ ಹೊಕ್ಕುಳಬಳ್ಳಿ ಕತ್ತರಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ತಾಯಂದಿರ ಎದೆಗೆ ಕೊಡುತ್ತಿದ್ದವಳು. ಎಷ್ಟು ಕೂಸು ಅತ್ತವೋ ನನ್ನ ಕೈಯಲ್ಲಿ. ನನ್ನದೇ ಕೂಸಿನ ಉಸಿರು ಸಣ್ಣಗಾಗುತ್ತ ಹೋಗುವುದು ನನಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಗೊತ್ತಾಗಿ ಏನು ಮಾಡುವುದಿತ್ತು? ಕಲಬುರಗಿಗೆ ಒಯ್ಯುವ ದಾರಿಯಲ್ಲಿ, ಜೀಪಿನಲ್ಲಿ, ನನ್ನ ತೊಡೆಯ ಮೇಲೆಯೇ ಹೋಯಿತು.

ನಮ್ಮ ಮನೆತನದಲ್ಲಿ ಹಲ್ಲು ಮೂಡದ ಕೂಸನ್ನು ಊರ ಹೊರಗೆ ಒಯ್ಯುವುದಿಲ್ಲ. ಮನೆಯ ಅಂಗಳದಲ್ಲೇ ಮಣ್ಣು ಮಾಡುತ್ತಾರೆ. ಮನೆ ಮರೆಯದೆ ಅದು ಮತ್ತೆ ಅದೇ ತಾಯಿಯ ಉಡಿಗೆ ಬರಲಿ ಎಂದು. ನಾನು ಅಂಗರಚನೆ ಓದಿ ಪಾಸಾದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಆ ದಿನ ಅತ್ತೆ ಹಾಗೆ ಹೇಳಿದಾಗ ಬೇಡ ಎನ್ನುವ ಶಕ್ತಿ ನನ್ನಲ್ಲಿರಲಿಲ್ಲ. ಇನ್ನೂ ಬಿಚ್ಚಿ ಹೇಳಬೇಕೆಂದರೆ, ಹಾಗೆಯೇ ಆಗಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಕುಣಿ ತೋಡಿದ್ದು ನನ್ನ ಗಂಡ. ಬೇರೆ ಯಾರಿಗೂ ಗುದ್ದಲಿ ಮುಟ್ಟಗೊಡಲಿಲ್ಲ. ಮೇಲೆ ಇಡಲು ಅತ್ತೆ ಒಳಗಿನಿಂದ ಒಂದು ಸಣ್ಣ ಕಲ್ಲು ತಂದರು. ಮೊಮ್ಮಗುವಿಗೆ ಬಜೆ ತೇಯ್ದು ನೆಕ್ಕಿಸಲೆಂದು ಶಿರವಾಳದ ತಮ್ಮ ತವರಿನಿಂದ ತರಿಸಿ ಇಟ್ಟಿದ್ದ ಕಲ್ಲು ಅದು. ನಡುವೆ ಸ್ವಲ್ಪ ತಗ್ಗು, ಒಂದು ಮೂಲೆ ಮುಕ್ಕಾಗಿತ್ತು. ಒಂದೆರಡು ಸಲ ಬಜೆ ತೇಯ್ದ ಗುರುತು ಇನ್ನೂ ಅದರ ಮೇಲಿತ್ತು.

ಅಂದಿನಿಂದ ನನ್ನ ಗಂಡನಿಗೆ ಒಂದು ರೂಢಿಯಾಯಿತು. ಅವರು ಟ್ರ್ಯಾಕ್ಟರ್ ಮೆಕ್ಯಾನಿಕ್. ಕೆನಾಲ್ ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ಕೆಸರಿನಲ್ಲಿ ಓಡಾಡಿದ ಟ್ರ್ಯಾಕ್ಟರುಗಳು ದಿನಕ್ಕೊಂದು ರೋಗ ಹೇಳಿಕೊಂಡು ಅವರ ಗ್ಯಾರೇಜಿಗೆ ಬರುತ್ತಿದ್ದವು. ಸಂಜೆ ಬಂದು ಸೀಮೆಎಣ್ಣೆ ಹಚ್ಚಿ ಕೈ ತೊಳೆದುಕೊಂಡು, ಚಹಾದ ಕಪ್ಪು ಹಿಡಿದು ಆ ಕಲ್ಲಿನ ಪಕ್ಕದಲ್ಲಿ ಕೂಡುತ್ತಿದ್ದರು. ಮಾತಿಲ್ಲ, ಕಥೆಯಿಲ್ಲ. ಚಹಾ ಮುಗಿದ ಮೇಲೆ ಎದ್ದು ಒಳಗೆ ಬರುವರು. ನಾನು ಜೊತೆಗೆ ಹೋಗಿ ಕೂತವಳಲ್ಲ. ನನ್ನ ಅಳು ಬಸ್ಸಿನಲ್ಲಿ ಮುಗಿಯುತ್ತಿತ್ತು, ಹತ್ತಿಗೂಡೂರು ಬರುವಷ್ಟರಲ್ಲಿ.

ಆಮೇಲೆ ಎರಡನೇ ಮಗಳು ಹುಟ್ಟಿದಳು. ಗಟ್ಟಿಮುಟ್ಟಾದ ಕೂಸು, ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ಅತ್ತೆ ಅವಳ ಮುಖವನ್ನು ದೀಪದ ಬೆಳಕಿಗೆ ಹಿಡಿದು ನೋಡಿ, “ಅದss ಕೂಸು ತಿರಗಿ ಬಂದಾದ” ಎಂದು ತೀರ್ಪು ಕೊಟ್ಟುಬಿಟ್ಟರು. ಅವರ ಮಟ್ಟಿಗೆ ಲೆಕ್ಕ ಅಲ್ಲಿಗೆ ಚುಕ್ತಾ. ನನ್ನ ಗಂಡನಿಗೆ ಮಾತ್ರ ಆಗಲಿಲ್ಲ. ಅವರು ಮಗಳನ್ನು ಎತ್ತಿ ಮುದ್ದಾಡಿ, ಸಂಜೆಗೆ ಮತ್ತೆ ಕಲ್ಲಿನ ಹತ್ತಿರವೇ ಹೋಗಿ ಕೂತರು.

ವಿದೇಶದ ಮಾತು ನಮ್ಮ ಮನೆಗೆ ಬಂದದ್ದು ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಮುಚ್ಚಿದ ಮೇಲೆ. ಬೇರೆ ಕಡೆ ಕೇಳಿದರೆ ಕಸ ಹೊಡೆಯುವುದರಿಂದ ಹಿಡಿದು ಹೆರಿಗೆ ಮಾಡಿಸುವ ತನಕ ಎಲ್ಲ ಒಬ್ಬಳೇ ಮಾಡಬೇಕು, ಮನಸ್ಸಾದಾಗ ಸಂಬಳ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ನ್ಯೂಜಿಲೆಂಡಿಗೆ ಹೋಗಿದ್ದಳು. ಅಲ್ಲಿ ಒಂದು ತರಬೇತಿ ಮುಗಿಸಿ ನೋಂದಣಿ ಮಾಡಿಸಿಕೊಂಡರೆ ನರ್ಸಿಗೆ ನರ್ಸಿನ ಮರ್ಯಾದೆ ಇದೆ, ಬಾ ಎಂದಳು. ಆ ತರಬೇತಿಗೆ, ಹೋಗುವುದಕ್ಕೆ, ಅಲ್ಲಿ ಕಾಲೂರುವ ತನಕದ ಊಟಕ್ಕೆ, ಮನೆ ಬಿಟ್ಟರೆ ನಮ್ಮ ಹತ್ತಿರ ಬೇರೇನೂ ಇರಲಿಲ್ಲ.

ಮಾರೋಣ ಎಂದವರು ನನ್ನ ಗಂಡನೇ. ನಾನು ಕೇಳಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, “ನೀ ಓದಿದ್ದು ಯಾರದೋ ದವಾಖಾನಿ ಕಸಾ ಹೊಡ್ಯಾಕಲ್ಲ. ಮನಿ ಮಾರೂನು” ಎಂದರು. ಆಮೇಲೆ ತಟ್ಟೆಯಲ್ಲೇ ಕೈ ತೊಳೆದುಕೊಂಡರು. ಅರ್ಧ ರೊಟ್ಟಿ ಹಾಗೇ ಉಳಿದಿತ್ತು. ಅಂಗಳದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೊನೆಗೆ ಮನೆ ಕೊಂಡವರು ಕ್ಯಾಂಪಿನವರು. ಕೆನಾಲ್ ನೀರು ಹಿಂಬಾಲಿಸಿ ಆಂಧ್ರದಿಂದ ಬಂದು ನಮ್ಮ ಕಡೆ ಹೊಲ ಹಿಡಿದು ಭತ್ತ ಬೆಳೆದವರ ವಸತಿಗೆ ಕ್ಯಾಂಪ್ ಎನ್ನುತ್ತೇವೆ. ಅಲ್ಲಿಯ ಒಬ್ಬ ನಡುವಯಸ್ಸಿನ ರೈತ, ಮಕ್ಕಳ ಶಾಲೆಗಾಗಿ ಪೇಟೆಯಲ್ಲಿ ಮನೆ ಹುಡುಕುತ್ತಿದ್ದರು. ಅವರ ಟ್ರ್ಯಾಕ್ಟರ್ ನನ್ನ ಗಂಡನ ಕೈಯಲ್ಲೇ ರಿಪೇರಿಯಾಗಿದ್ದು. ಹೆಂಡತಿಯನ್ನೂ ಕರೆದುಕೊಂಡು ಬಂದರು. ಅಂಗಳಕ್ಕೆ ಬಂದಾಗ ಅದೇ ಪ್ರಶ್ನೆ, ಅತ್ತೆಯದು ಅದೇ ಉತ್ತರ. ದಲಾಲಿ ಆಕಾಶ ನೋಡಿದ.

ಆ ರೈತ ಕಾಲಿನ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿದರು. ಅವರ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಮುಖ ನೋಡಿದಳು. ಆ ರೈತ, “ನಾವೂ ಊರಲ್ಲಿ ಮನಿ ಮಾರಿಯೇ ಇಲ್ಲಿಗೆ ಬಂದೇವ್ರಿ ಅವ್ವಾ. ನಮ್ಮಪ್ಪನ ಸಮಾಧಿ ಇದ್ದ ತೋಟಾನೂ ಅದರ ಜೊತಿ ಹೋಯ್ತು. ಈಗ ಅಲ್ಲಿ ಮೀನಿನ ಹೊಂಡ ಅದ. ನಿಮ್ಮ ಕೂಸಿಗೆ ಹಂಗ ಆಗಗೊಡಂಗಿಲ್ಲ. ಈ ಕಲ್ಲಿನ ಹತ್ರ ಗುದ್ದಲಿ ಬೀಳಂಗಿಲ್ಲ” ಎಂದರು.

ಆ ಮಾತು ಒಳಗಿದ್ದ ನನ್ನ ಗಂಡನಿಗೂ ಕೇಳಿಸಿತ್ತು. ಹೊರಗೆ ಬಂದು ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡರು. ವ್ಯವಹಾರದ ಮಾತು ಆಮೇಲೆ ಹೆಚ್ಚು ಎಳೆದಾಡಲಿಲ್ಲ.

ಮನೆ ಬಿಟ್ಟುಕೊಡುವ ದಿನ ಬೆಳಿಗ್ಗೆ ಸಾಮಾನು ತುಂಬಿದ ಟ್ರ್ಯಾಲಿಯ ಜೊತೆ ನನ್ನ ಗಂಡ ಕೊಂಕಲ್‌ಗೆ ಹೋದರು. ಅಲ್ಲಿ ನನ್ನ ನಾದಿನಿಯ ಮನೆ. ಅತ್ತೆ ಇನ್ನು ಮುಂದೆ ಮಗಳ ಮನೆಯಲ್ಲಿ ಇರುವವರು. ಹೋಗುವ ಮುಂಚೆ ನನ್ನ ಗಂಡ ಅಂಗಳಕ್ಕೆ ಬರಲಿಲ್ಲ, ಬೀದಿಬಾಗಿಲಿನಿಂದಲೇ ಹೊರಟರು. ಮಗಳನ್ನೂ ಟ್ರ್ಯಾಕ್ಟರಿನ ಮೇಲೆ ಕೂಡಿಸಿಕೊಂಡು ಹೋದದ್ದರಿಂದ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ನಾನು ಒಳಗೆ ಕೊನೆಯ ಸಲ ಕಸ ಹೊಡೆದು ಹೊರಗೆ ಬಂದಾಗ ಅತ್ತೆ ಅಂಗಳದಲ್ಲಿ ಕೂತಿದ್ದರು, ಕೈಯೆಲ್ಲ ಮಣ್ಣು. ನಡುವೆ ಇದ್ದ ಕಲ್ಲು ಅಲ್ಲಿರಲಿಲ್ಲ. ಆ ಜಾಗವನ್ನು ಸಾಪಾಗಿಸಿ, ನೀರು ಹೊಡೆದು, ನೆಲಕ್ಕೆ ನೆಲ ಮಾಡಿಬಿಟ್ಟಿದ್ದರು. ಕಲ್ಲು ಗೋಡೆಯ ಮೂಲೆಯಲ್ಲಿ, ಬೇವಿನ ಬುಡದಲ್ಲಿ ಕೂತಿತ್ತು. ಅದಕ್ಕೆ ಅರಿಷಿಣ ಕುಂಕುಮವೂ ಆಗಿತ್ತು.

“ಇದೇನ್ ಮಾಡಿದ್ರಿ ಅತ್ತಿ?” ಎಂದೆ.

“ಏನ್ ಮಾಡ್ಲಿ ಮತ್ತ? ಅವರು ಒಕ್ಕಲತನದ ಮಂದಿ. ನಾಳಿಂದ ಟ್ರ್ಯಾಕ್ಟರ್ ತಂದು ಅಂಗಳದಾಗ ನಿಂದ್ರಸ್ತಾರ. ನಟ್ಟನಡುವ ಇದ್ದ ಕಲ್ಲು ಎಷ್ಟ್ ದಿನ ಇರ್ತದ? ಗಾಲಿಗೆ ಸಿಕ್ಕು ಒಡೀತದ, ಇಲ್ಲಾ ಯಾರರ ಎಡವಿ ಒಗೀತಾರ. ಮೂಲ್ಯಾಗಿದ್ರ ಯಾರಿಗೂ ಅಡ್ಡಿಲ್ಲ, ಯಾರೂ ಮುಟ್ಟಂಗಿಲ್ಲ.”

“ಕೂಸು ಅಲ್ಲಿ ಅದಲ್ರಿ.”

“ಕೂಸು ಅಲ್ಲೆಲ್ಲಿ ಅದ? ಕೂಸು ಅವರಪ್ಪನ ಜೊತಿ ಕೊಂಕಲ್‌ಗೆ ಹೋಗ್ಯಾದ.” ಅತ್ತೆ ಮಣ್ಣು ಹತ್ತಿದ ಕೈಯನ್ನೇ ನನ್ನ ಮೊಣಕಾಲ ಮೇಲೆ ಇಟ್ಟರು. “ಅವಗ ಹೇಳಬ್ಯಾಡ ಯವ್ವಾ. ಅವ ಆ ಕಲ್ಲಿನ ಮ್ಯಾಲೇ ಜೀವ ಇಟ್ಟಾನ.”

ನನಗೆ ಸಿಟ್ಟು ಬಂತು. ಕಲ್ಲನ್ನು ತಿರುಗಿ ಇಡಬೇಕೆಂದು ಎರಡು ಹೆಜ್ಜೆ ಹೋದೆ ಕೂಡ. ಆದರೆ ನೆಲ ಒಂದೇ ಸಮ ಒದ್ದೆಯಾಗಿತ್ತು, ಕಲ್ಲಿದ್ದ ಗುರುತೇ ಉಳಿದಿರಲಿಲ್ಲ. ಹೊರಗೆ ಕೊಂಡವರ ಗಾಡಿಯ ಸದ್ದು ಆಗಲೇ ಕೇಳುತ್ತಿತ್ತು. ಅವರ ಎದುರು ಕಲ್ಲು ಅಲ್ಲಿಂದಿಲ್ಲಿಗೆ ಎಳೆದಾಡಿದರೆ ಕೂಸಿನ ಜಾಗಕ್ಕೆ ಏನು ಬೆಲೆ ಉಳಿಯುತ್ತದೆ? ಆ ರೈತನ ಹೆಂಡತಿ ಒಳಗೆ ಬಂದವಳು ಕಲ್ಲು ಮೂಲೆಯಲ್ಲಿರುವುದನ್ನು ನೋಡಿ ಅತ್ತೆಯ ಮುಖ ನೋಡಿದಳು. “ನಿಮಗ ದಾರಿಗೆ ಅಡ್ಡಾಗಬಾರದಂತ ಸರಿಸೇವಿ. ಕೂಸು ಇನ್ನ ಅಲ್ಲೇ ಇರ್ತಾದ” ಎಂದರು ಅತ್ತೆ. ಕೂಸನ್ನೂ ಕಲ್ಲಿನ ಜೊತೆಗೇ ಸರಿಸಿದ್ದಾರೆಂದೇ ಅವಳು ತಿಳಿದಳೇನೋ. ಹೌದೆಂದು ತಲೆ ಆಡಿಸಿ, ನನಗೆ ಉಡಿ ತುಂಬಿ, ತವರಿನವರು ಕಳಿಸಿದ ಹಾಗೆ ಕಳಿಸಿಕೊಟ್ಟಳು.

ಯಾದಗಿರಿಯಲ್ಲಿ ರೈಲು ಹತ್ತಿದ ಮೇಲೆ ಇವರು ಕೇಳಿದ್ದು ಒಂದೇ: “ಅವರಿಗೆ ಜಾಗ ಸರೀಗೆ ತೋರಿಸಿದೀ ಹೌದಿಲ್ಲೋ?” ನಾನು ಹೂಂ ಎಂದೆ.

ನ್ಯೂಜಿಲೆಂಡಿನ ದಕ್ಷಿಣದ ಒಂದು ಸಣ್ಣ ಊರಿನಲ್ಲಿ ನಮ್ಮ ಹೊಸ ಬಾಳು ಶುರುವಾಯಿತು. ನರ್ಸ್ ಆಗಲು ಹೋದವಳಿಗೆ ಮೊದಲು ಸಿಕ್ಕದ್ದು ವೃದ್ಧಾಶ್ರಮದಲ್ಲಿ ಸಹಾಯಕಿಯ ಕೆಲಸ. ಮುದುಕರ ಮೈ ತೊಳೆಸುವುದು, ಹಾಸಿಗೆ ಬದಲಿಸುವುದು, ಬಾಯಿಗೆ ಗಂಜಿ ಇಡುವುದು. ಕೆಲಸ ನನಗೆ ಕೀಳೆನಿಸಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಒಬ್ಬ ಅಜ್ಜಿಗೆ ಸೂಜಿ ಚುಚ್ಚಲು ನರ ಸಿಗದೆ ಎಳೆಯ ಹುಡುಗಿಯೊಬ್ಬಳು ಒದ್ದಾಡುವಾಗ, ನಾನು ದಿಂಬು ಹಿಡಿದುಕೊಂಡು ಸುಮ್ಮನೆ ನಿಲ್ಲಬೇಕಿತ್ತು. ಮುಟ್ಟುವ ಹಕ್ಕಿಲ್ಲ. ಆಗೆಲ್ಲ ಕೈಬೆರಳು ತುರಿಸುತ್ತಿದ್ದವು.

ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆಯುವ ಭಾಗ ಒಂದೇ ಮತ್ತೆ ಮತ್ತೆ ಕೈಕೊಟ್ಟಿತು. ಅದು ದಾಟಿ ತರಬೇತಿ ಮುಗಿಸಿದರೆ ಸಂದರ್ಶನಗಳು. ಮೊದಲನೆಯದರಲ್ಲಿ ನಿಮ್ಮ ವೀಕ್ನೆಸ್ ಏನು ಎಂದು ಕೇಳಿದರು. ನಮ್ಮ ಕಡೆ ವೀಕ್ನೆಸ್ ಎಂದರೆ ಸುಸ್ತು. ಅದಕ್ಕೆ ಸಲೈನ್ ಹಚ್ಚುತ್ತಾರೆ. ನನಗೆ ಯಾವ ವೀಕ್ನೆಸ್ಸೂ ಇಲ್ಲ, ಬಿ.ಪಿ. ಇಲ್ಲ, ಶುಗರ್ ಇಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಇನ್ನೊಂದರಲ್ಲಿ, ವೈದ್ಯರ ಮಾತನ್ನು ನೀವು ಒಪ್ಪದೆ ಎದುರು ಮಾತಾಡಿದ ಒಂದು ಸಂದರ್ಭ ಹೇಳಿ ಎಂದರು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನನ್ನ ಇಡೀ ನೌಕರಿ “ಹೌದ್ರಿ ಸರ್” ಎನ್ನುವುದರಲ್ಲಿ ಕಳೆದಿತ್ತು. ಹೆರಿಗೆ ವಾರ್ಡಿನ ಕೆಲಸವಂತೂ ಅಲ್ಲಿ ನರ್ಸಿನದಲ್ಲ, ಅದಕ್ಕೆ ಬೇರೆಯೇ ಓದು. ಕೂಸುಗಳನ್ನು ಇನ್ನು ಕೈಗೆ ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಾದ ದಿನ ನನಗೆ ದುಃಖವಾಯಿತೋ ನಿರಾಳವಾಯಿತೋ ಇನ್ನೂ ತಿಳಿದಿಲ್ಲ.

ಇವರಿಗೆ ಒಂದು ಹಾಲಿನ ಫಾರ್ಮಿನಲ್ಲಿ ಯಂತ್ರಗಳ ರಿಪೇರಿ ಕೆಲಸ ಸಿಕ್ಕಿತು. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಸಂಜೆ ಚಹಾ ಹಿಡಿದು ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂತರೆ ಎದುರಿಗೆ ನೋಡಲು ಏನೂ ಇಲ್ಲ. ಚಹಾ ಆರಿಹೋಗುತ್ತಿತ್ತು. ದಿನ ಕಳೆದಂತೆ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ನಾನು ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಇನ್ನೂ ನಪಾಸಾಗುತ್ತಿದ್ದ ದಿನಗಳಲ್ಲಿ ಒಂದು ಸಂಜೆ, ಸಿಟ್ಟೇನೂ ಇಲ್ಲದೆ, ಗೋಡೆ ನೋಡುತ್ತ ಅವರು ಹೇಳಿದರು:

“ಕೂಸಿನ್ನ ಮಾರಕೊಂಡು ಬಂದೀವಿ. ಹ್ಯಾಂಗ ಚಲೋ ಆಗ್ತಾದ?”

ಮನೆ ಮಾರಿದ್ದು ನನಗಾಗಿ. ಆ ಮಾತು ಆ ಮನುಷ್ಯನನ್ನು ಒಳಗಿನಿಂದ ತಿನ್ನುತ್ತಿತ್ತು, ನನ್ನನ್ನು ಹೊರಗಿನಿಂದ. ಅವತ್ತಿನಿಂದ ನಾನು ಓದಿದ್ದು ನರ್ಸ್ ಆಗಲಿಕ್ಕಲ್ಲ. ಈ ಮನುಷ್ಯ ಮಾರಿದ್ದು ದಂಡವಾಗಲಿಲ್ಲ ಎಂದು ತೋರಿಸಲಿಕ್ಕೆ.

ಅಷ್ಟರಲ್ಲಿ ಕೊಂಕಲ್‌ನಲ್ಲಿ ಅತ್ತೆ ತೀರಿಕೊಂಡರು. ಹೋಗಲಾಗಲಿಲ್ಲ. ಫೋನಿನಲ್ಲೇ ಮುಖ ನೋಡಿದೆವು. ಇವರು ಫೋನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಕಲ್ಲು ಸರಿಸಿದ ವಿಷಯ ತಿಳಿದವರಲ್ಲಿ ಮನೆಯೊಳಗೆ ಇನ್ನು ಉಳಿದವಳು ನಾನೊಬ್ಬಳೇ ಎಂದು ಆಗ ನನಗೆ ಹೊಳೆಯಿತು.

ನೋಂದಣಿ ಕೊನೆಗೂ ಆಯಿತು. ಹತ್ತಿರದ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿಗೆ ನರ್ಸ್ ಆಗಿ ತೆಗೆದುಕೊಂಡರು. ಸಮವಸ್ತ್ರ ಹಾಕಿಕೊಂಡು ಇವರ ಮುಂದೆ ನಿಂತೆ. “ಚಲೋ ಕಾಣ್ತೀ” ಎಂದರು. ಅಷ್ಟೇ. ಅವರ ಕಣ್ಣು ನನ್ನನ್ನು ದಾಟಿ ಎಲ್ಲೋ ಹೋಗಿತ್ತು.

ಆ ವಾರವೇ ಶಹಾಪುರದಿಂದ ಫೋನು ಬಂತು. ಮನೆ ಕೊಂಡವರ ಹೆಂಡತಿ. ನಾದಿನಿಯಿಂದ ನಂಬರು ತೆಗೆದುಕೊಂಡಿದ್ದಳಂತೆ. ಮಹಡಿ ಕಟ್ಟಿಸಿದ್ದಾರೆ, ನಾಳೆ ಪೂಜೆ, ನಿಮಗೆ ಹೇಳದೆ ಹೇಗೆ ಮಾಡುವುದು ಎಂದಳು. ಇವರೂ ಬಂದು ನನ್ನ ಭುಜದ ಹಿಂದೆ ನಿಂತರು. ಅವಳು ವಿಡಿಯೊದಲ್ಲಿ ಮನೆ ತೋರಿಸುತ್ತ ಹೋದಳು. ಹೊಸ ಬಣ್ಣ, ಹೊಸ ಕಿಟಕಿ, ನಮ್ಮದೆನ್ನುವ ಗುರುತೇ ಇಲ್ಲ. ಬೇವಿನ ಗಿಡ ಹೋಗಿತ್ತು. ಹಳೆಯ ಗೋಡೆ ಬಿದ್ದು ಬೇರೆ ಗೋಡೆ ಎದ್ದಿತ್ತು.

“ನಿಮ್ಮ ಕೂಸು ನೋಡ್ರಿ ಅಕ್ಕಾ” ಎಂದಳು.

ಗೋಡೆಯ ಮೂಲೆಯಲ್ಲಿ ಸಿಮೆಂಟಿನ ಸಣ್ಣ ಕಟ್ಟೆ. ಅದರ ಮೇಲೆ ಆ ಕಲ್ಲು, ನಡುವೆ ತಗ್ಗು, ಮುಕ್ಕಾದ ಮೂಲೆ. ತಗ್ಗಿನಲ್ಲಿ ಒಂದು ದಾಸವಾಳ ಇಟ್ಟಿದ್ದರು. ಮುಂದೆ ದೀಪ ಉರಿಯುತ್ತಿತ್ತು. ಇವರು ನನ್ನ ಭುಜದ ಮೇಲಿನಿಂದ ಫೋನಿನ ಹತ್ತಿರಕ್ಕೆ ಬಾಗಿದರು.

“ಸೋಮವಾರಕ್ಕೊಮ್ಮೆ ನಾನೇ ದೀಪ ಹಚ್ತೀನ್ರಿ. ಕೆನಾಲ್ ನೀರಿನ ತೇವ ಭಾಳ ಆಗ್ಯಾದಲ್ರಿ, ಹಳೇ ಸಂಡಾಸದ ಗುಂಡಿ ತುಂಬಿ ತುಂಬಿ ಬರ್ತಿತ್ತು. ಹೊಸಾದು ತೋಡಬೇಕಾತು. ಮೇಸ್ತ್ರಿ ಈ ಮೂಲ್ಯಾಗೇ ತೋಡೂನು ಅಂದ. ನಮ್ಮವರು ಕೇಳಲಿಲ್ಲ. ಮಾತು ಕೊಟ್ಟೀನಿ, ಇಲ್ಲಿ ಗುದ್ದಲಿ ಹಚ್ಚಬ್ಯಾಡ, ಎಷ್ಟು ದೂರ ಆದ್ರೂ ಆಗ್ಲಿ ಅಂತ ಅಲ್ಲಿ ತೋಡಿಸಿದ್ರು.”

ಅವಳು ಫೋನು ತಿರುಗಿಸಿದಳು. ಅಂಗಳದ ನಡುವೆ, ಸರಿಯಾಗಿ ನಡುವೆ, ಗುಂಡಿಯ ಸಿಮೆಂಟಿನ ಮುಚ್ಚಳ. ಅದರ ಮೇಲೆ ಯಾರದೋ ಚಪ್ಪಲಿ ಒಣಗಲು ಇಟ್ಟಿದ್ದರು.

ಒಂದು ಮಾತು ಕೇಳಬೇಕಿತ್ತು. ಎಳೆಗೂಸಿನ ಎಲುಬು ಇಷ್ಟು ವರ್ಷ ಮಣ್ಣಿನಲ್ಲಿ ಉಳಿಯುವುದಿಲ್ಲ ಎಂದು ನರ್ಸ್ ಆದವಳಿಗೆ ಗೊತ್ತಿದ್ದರೂ ಕೇಳಬೇಕಿತ್ತು. ಸುಮ್ಮನೆ ಮಾತಿಗೆ ಕೇಳುವವಳಂತೆ ಕೇಳಿದೆ: “ತೋಡುವಾಗ ಏನರ ಸಿಕ್ತೇನ್ರಿ?”

“ಏನ್ ಸಿಗ್ತದ್ರಿ ಅಕ್ಕಾ, ಬರೇ ನೀರು. ಎರಡು ಮೊಳ ಹೋಗೂದ್ರಾಗೇ ನೀರು ಬಂತು.”

ನನ್ನ ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಕಾಣಿಸಿರಬೇಕು. “ಅಳಬ್ಯಾಡ್ರಿ, ನಾ ಇರೋ ತನಕ ನಿಮ್ಮ ಕೂಸಿಗೆ ಏನೂ ಆಗಗೊಡಂಗಿಲ್ಲ” ಎಂದಳು. ಒಳ್ಳೆಯ ಹೆಣ್ಣುಮಗಳು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಯಾವ ಕಾರಣವೂ ಇರಲಿಲ್ಲ. ಅತ್ತೆಯ ಮೇಲೆ ಮಾಡೋಣವೆಂದರೆ ಅವರೂ ಇರಲಿಲ್ಲ. ನಿಮ್ಮಿಂದ ಭಾಳ ಉಪಕಾರ ಆತು ಎಂದು ಹೇಳಿ ಫೋನು ಇಟ್ಟೆ.

ಇವರು ಇನ್ನೂ ನನ್ನ ಹಿಂದೆಯೇ ನಿಂತಿದ್ದರು. ನಾನು ತಿರುಗಿ ನೋಡಲು ಹೆದರಿದೆ. ಕಲ್ಲು ಜಾಗ ಬದಲಿಸಿದ್ದು ಇವರಿಗೆ ತಿಳಿಯದೆ ಇದ್ದೀತೇ? ಎಷ್ಟು ಸಂಜೆಗಳನ್ನು ಅಲ್ಲಿ ಕಳೆದವರು.

“ನೋಡಿದೇನು?” ಎಂದರು. “ಗ್ವಾಡಿ ಹೊಸಾದು ಕಟ್ಯಾರ. ಕಲ್ಲಿನ ಹತ್ರಾನೇ ತಂದು ನಿಂದ್ರಸ್ಯಾರ, ಕೂಸಿಗೆ ಗಾಳಿ ಮಳಿ ಹತ್ತಬಾರದಂತ. ಅಂಗಳ ಸಣ್ಣದು ಮಾಡಕೊಂಡಾರ, ಕಲ್ಲು ಮುಟ್ಟಿಲ್ಲ.”

ನಾನು ತಿರುಗಿದೆ. ಅವರ ಮುಖದಲ್ಲಿ ಏನೋ ಸಡಿಲಾಗಿತ್ತು. ಎಷ್ಟು ವರ್ಷದಿಂದ ನಾನು ಕಾಣದ ಮುಖ.

“ಹೌದ್ರಿ” ಎಂದೆ.

“ಚಲೋ ಮಂದಿ ಸಿಕ್ಕರು. ನಾವು ಮಾರಿದ್ದು ತಪ್ಪಾಗಿಲ್ಲ ಬಿಡು.”

ಆ ಸಂಜೆ ನಾನು ಜೋಳದ ರೊಟ್ಟಿ ಬಡಿದೆ. ಒಂದೆರಡು ಹರಿದವು. ಇವರು ಮಗಳಿಗೆ ಊರಿನ ಮಾತು ಹೇಳುತ್ತ ಕೂತಿದ್ದರು. ನಿನ್ನ ಅಕ್ಕನಿಗೆ ಎಷ್ಟು ಚಂದದ ಕಟ್ಟೆ ಕಟ್ಟಿಸಿದ್ದಾರೆ ಗೊತ್ತೇನು ಎಂದರು. ನಾನು ಒಲೆಯ ಕಡೆ ಮುಖ ಮಾಡಿ ನಿಂತೆ. ತಟ್ಟೆ ಖಾಲಿಯಾದ ಮೇಲೆ ಅವರು ತಲೆಯೆತ್ತಿ, ಇನ್ನೊಂದು ರೊಟ್ಟಿ ಇದ್ದರೆ ಹಾಕು ಎಂದರು. ನಾನು ಹಾಕಿದೆ.